ನಾಲ್ಕಕ್ಕೂ ಒಂದೇ ಬಾಯಿ

ನಮ್ಮ ಮನೆಯಾಗ ದನಿ ಮಾಡುವವು ನಾಲ್ಕು:
ಟಿವಿ, ಮಗಳ ಕಂಪ್ಯೂಟರು, ನನ್ನ ಫೋನು,
ಮತ್ತ ಅತ್ತಿಯ ಟೇಪ್‌ರೆಕಾರ್ಡರು.
ಅದರ ಬಾಗಿಲು ಮುರಿದು ವರ್ಷಾತು,
ರಬ್ಬರ್‌ಬ್ಯಾಂಡು ಹಾಕಿ ಕಟ್ಟೀವಿ.
ನಾಲ್ಕೂ ಒಮ್ಮೆಗೇ ಬಾಯಿ ತೆಗೆದರ
ಶಕ್ತಿನಗರದ ಕ್ವಾರ್ಟರ್ಸಿನ ಗೋಡೆಗೆ
ಆಚೆ ಮನೆ ಪುಷ್ಪಾವತಿ ಲಟ್ಟಣಿಗಿಲೆ ಬಡಿತಾಳ.

ಶ್ರಾವಣಿ ಹಾಳೆ ಮೇಲೆ ನಾಲ್ಕು ಡಬ್ಬಿ ಬರೆದು
ನಾಲ್ಕು ಗೆರೆ ಎಳೆದು, ಒಂದು ಗುಂಡಗಿಗೆ ಕೂಡಿಸಿ
"ಎಲ್ಲಕ್ಕೂ ಸೇರಿ ಒಂದೇ ಸ್ಪೀಕರ್ ತರೂಣು" ಅಂದಳು.
ಅತ್ತಿ ಕನ್ನಡಕ ಏರಿಸಿ ನೋಡಿ
"ಇದೇನು, ಆಕಳ ಕೆಚ್ಚಲಾ?"

ಇವರು ಏನೂ ಅನ್ನಲಿಲ್ಲ.
ಇವರು ಹಂಗ. ಮೂರು ಸಲ ಕರೆದರ ಒಂದು "ಹೂಂ".
ಗಂಡಸರ ಮಾತು ಇಷ್ಟೇ ಅಂತ
ಇಪ್ಪತ್ತೆರಡು ವರ್ಷ ಲೆಕ್ಕ ಹಿಡಿದಿದ್ದೆ.

ಆದಿತ್ಯವಾರ ರಾಯಚೂರು. ತೀನ್ ಕಂದೀಲಿನ ಹತ್ತಿರ
ಜಿಲಾನಿ ಸಾಹೇಬರ ಅಂಗಡಿ.
ಬಿಸಿಲು ಶಟರಿನ ತನಕ ಬಂದು ಕುಂತಿತ್ತು.
ಉದ್ದನೆ ಸೌಂಡ್‌ಬಾರು ತೋರಿಸಿದರು:
"ನೋಡಾಕ ಛಂದ, ಆದ್ರ ನಿಮ್ಮ ಅತ್ತಿಯವರ ಟೇಪಿಗೆ
ಇದರಾಗ ತೂತಿಲ್ಲ."
ಬ್ಲೂಟೂತ್ ಡಬ್ಬಿ ತೋರಿಸಿದರು:
"ಮೊದಲು ಕೈ ಹಿಡಿದವರ ಕೂಡೇ ಇದರ ಸಂಸಾರ."
ಮಗಳು ವ್ಯಾಟ್ ಕೇಳಿದಳು. ನಾನು ಕಂತು ಕೇಳಿದೆ.
ಅತ್ತಿ ಕೊಟ್ಟ ಕ್ಯಾಸೆಟ್ಟು ನನ್ನ ಚೀಲದಾಗ
ಬದನೆಕಾಯಿ ಜೊತೆ ಬೆಚ್ಚಗಾಗುತಿತ್ತು.

ಕೊನೆಗೆ ಎರಡು ಪೆಟ್ಟಿಗೆ, ನಡುವ ಒಂದು ಆಂಪ್ಲಿಫೈಯರು.
ನಮ್ಮನ್ನ ಸ್ಟೂಲಿನ ಮೇಲೆ ಸಾಲಾಗಿ ಕೂಡಿಸಿ
ಫ್ಯಾನು ಆರಿಸಿ
"ಈಗ ರೈಲು ಬರ್ತದ, ಕೇಳ್ರಿ" ಅಂದರು ಸಾಹೇಬರು.

ಬಂತು. ಎಡಗಡೆಯಿಂದ ಹೊಂಟು,
ಗಾಲಿ ಎಣಿಸುವಷ್ಟು ಸಾವಕಾಶ
ನಮ್ಮ ಮೂಗಿನ ಮುಂದ ಹಾದು
ಬಲಕಿನ ಪೆಟ್ಟಿಗೆ ಹೊಕ್ಕು
ಕೃಷ್ಣಾ ಸೇತುವೆ ದಾಟಿದಂಗ ಸಣ್ಣಗಾತು.
ಮಗಳು ಚಪ್ಪಾಳೆ ಹೊಡೆದಳು.

ಇವರು ಅಂದರು:
"ನಡುವ ಯಾಕ ನಿಂತಿತು?"

ಯಾರೂ ನಗಲಿಲ್ಲ. ನಕ್ಕಿದ್ದರ ಚಲೋ ಇತ್ತು.
ಸಾಹೇಬರು ತಂತಿ ತಿರುವಿ ಹಾಕಿದರು, ರೈಲು ಬಲದಿಂದ ಬಂತು.
"ಈಗ?"
"ಈಗ ನಡುವಿಂದ ಹೊಂಟಿತು."

ಟರ್ಬೈನ್ ಹಾಲಿನಾಗ ಹತ್ತೊಂಬತ್ತು ವರ್ಷ.
ಕಿವಿಗೆ ಹತ್ತಿ ನಾನೇ ಹೊಸೆದು ಕೊಡುತ್ತಿದ್ದೆ,
ದೀಪದ ಬತ್ತಿ ಹೊಸೆದ ಕೈಲೇ.
"ಯಾವಾಗಿಂದ?"
"ಶ್ರಾವಣಿ ಎರಡನೇ ಕ್ಲಾಸು ಇದ್ದಾಗ."
"ಹೇಳಲಿಲ್ಲ ಯಾಕ?"
ಇವರು ಗೋಡೆಮ್ಯಾಲಿನ ಬೆಲೆಪಟ್ಟಿ ಓದತೊಡಗಿದರು.

ಊಟಕ್ಕ ನಾನು ಕೂಡೂದು ಬಲಕ್ಕ, ಬಡಿಸಾಕ ಅನುಕೂಲ ಅಂತ.
ಮಲಗೂದೂ ಬಲಕ್ಕ, ಗೋಡೆ ಕಡೆ.
ಅಕ್ಕನ ಮಗನ ಮದುವೆ, ಗ್ಯಾಸಿನ ತುಟ್ಟಿ,
ನನ್ನ ಗಂಟಲಿನ ಗಂಟು,
ಒಮ್ಮೆ ಕತ್ತಲಾಗ ಆಡಿದ ಒಂದು ಮಾತು
(ಆಡಿ ನಾಚಿ, ಉತ್ತರ ಬರಲಿಲ್ಲಂತ ಮುನಿದು
ಎಂಟು ದಿನ ಸಾರಿಗೆ ಉಪ್ಪು ಕಡಿಮಿ ಹಾಕಿದ್ದೆ)
ಎಲ್ಲಾ ಆ ಬೂದಿ ಮುಚ್ಚಿದ ಕಡೆಗೇ.

ಸಾಹೇಬರು ಒಳಗ ಹೋಗಿ ಹಳೇದೊಂದು ತಂದರು.
ಮೂಲೆ ಒಡೆದದ. ಊದಿದರ ಧೂಳು.
"ನಾಲ್ಕು ತೂತು ಅದಾವ. ಇಲ್ಲೊಂದು ಗುಂಡಿ, ಮೋನೊ.
ಒತ್ತಿದರ ಎಡಬಲ ಕಲೆತು ಎರಡರಾಗೂ ಎಲ್ಲಾ ಬರ್ತದ.
ಈಗಿನವರು ಇದನ್ನ ಕೇಳಂಗಿಲ್ಲ."
ಒತ್ತಿದರು.
ರೈಲು ಬರಲಿಲ್ಲ, ಹೋಗಲಿಲ್ಲ,
ಇದ್ದಲ್ಲೇ ಇಡಿಯಾಗಿ ಓಡಿತು.
ಇವರು ತಲೆ ಆಡಿಸಿದರು.
ಮಗಳು ಮುಖ ಸಣ್ಣ ಮಾಡಿ, ಆಮ್ಯಾಲೆ ತಾನೇ ರೊಕ್ಕ ಎಣಿಸಿದಳು.

ಬಸ್ಸಿನಾಗ ಇವರನ್ನ ಸರಿಸಿ ಎಡಕ್ಕ ಕುಂತೆ.
ತೊಡೆ ಮೇಲೆ ಆಂಪ್ಲಿಫೈಯರು, ಕೂಸಿನಷ್ಟು ಭಾರ.
ಏನು ಹೇಳಲಿ? ಹೇಳಿ ಮುಗಿಸಿದ್ದೇ ಎಲ್ಲಾ.
"ಬದನೆಕಾಯಿ ಬಾಡಿದಾವ" ಅಂದೆ.

"ಬಾಡಲಿ ಬಿಡು."
ಅಷ್ಟು ಲಗು ಬರ್ತದಂತ ಗೊತ್ತಿರದ
ನಾನು ಬೆಚ್ಚಿದೆ.